ಗೋಧಿ ಹೊಲದಡಿಯ ಹಗೇವುಗಳು

ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿ, ಸಾಲ್ಸ್‌ಬರಿ ಪಟ್ಟಣದಿಂದ ತುಸು ದಕ್ಷಿಣಕ್ಕೆ ಲಿಟಲ್ ವುಡ್‌ಬರಿ ಎಂಬ ಜಾಗವಿದೆ. ಅಲ್ಲಿ ಕಲ್ಲಿಲ್ಲ, ಗೋಡೆಯಿಲ್ಲ; ಇದ್ದದ್ದನ್ನೆಲ್ಲ ನೇಗಿಲು ಸಮ ಮಾಡಿದೆ. ಆದರೆ ನೇಗಿಲು ಎಷ್ಟು ಆಳಕ್ಕೆ ಇಳಿದೀತು? ಅದರ ಕುಳ ಮುಟ್ಟದ ಸೀಮೆಸುಣ್ಣದ ಬಂಡೆಯಲ್ಲಿ, ಸುಮಾರು 2,300 ವರ್ಷಗಳ ಹಿಂದೆ ಕಬ್ಬಿಣಯುಗದ ಒಕ್ಕಲಿಗರು ತೋಡಿದ ಕಂದಕ, ಕುಣಿ, ಕಂಬದ ಗುಂಡಿಗಳು ಉಳಿದುಕೊಂಡವು. ಕಂದಕದಲ್ಲಿ ತುಂಬಿಕೊಂಡ ಮೆತ್ತನೆಯ ಮಣ್ಣು ತೇವ ಹಿಡಿದಿಡುತ್ತದೆ. ಒಣ ಬೇಸಿಗೆಯಲ್ಲಿ ಅದರ ಮೇಲಿನ ಪೈರಿಗೆ ಒಂದಿಷ್ಟು ಹೆಚ್ಚು ಎತ್ತರ, ಹೆಚ್ಚು ಹಸಿರು. ಬದುವಿನಲ್ಲಿ ನಿಂತವರ ಕಣ್ಣಿಗೆ ಬೀಳದ ಈ ವ್ಯತ್ಯಾಸ ವಿಮಾನದಿಂದ ತೆಗೆದ ಚಿತ್ರದಲ್ಲಿ ಗೆರೆಯಾಗಿ ಮೂಡಿತು. ಸುಮಾರು 4 ಎಕರೆಯ ಆವರಣ ಪತ್ತೆಯಾದದ್ದು ಹಾಗೆ.

1938ರಲ್ಲಿ ಇಲ್ಲಿ ಉತ್ಖನನಕ್ಕೆ ಇಳಿದವರು ಗೆರ್ಹಾರ್ಡ್ ಬೆರ್ಸು, ನಾಜಿಗಳು ಹುದ್ದೆಯಿಂದ ಕಿತ್ತುಹಾಕಿದ ಜರ್ಮನ್ ಪುರಾತತ್ವಜ್ಞ. ಕಬ್ಬಿಣಯುಗದ ಜನ ಕುಣಿಗಳೊಳಗೇ ಬದುಕುತ್ತಿದ್ದರು ಎಂಬುದು ಆಗ ಬ್ರಿಟನ್ನಿನ ವಿದ್ವಾಂಸರಲ್ಲಿ ಬೇರುಬಿಟ್ಟಿದ್ದ ನಂಬಿಕೆ. ಕುಣಿಗಳಲ್ಲಿ ಬೂದಿ, ಮೂಳೆ, ಮಡಕೆಚೂರು ಸಿಗುತ್ತಿದ್ದವಲ್ಲ, ಅದೇ ಸಾಕ್ಷಿ. ಕಿರಿದಾಗಿ ತೋಡಿ ಇಣುಕಿದವರಿಗೆ ಹಾಗನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಬೆರ್ಸು ಅಗಲವಾಗಿ ಮೇಲ್ಮಣ್ಣು ತೆಗೆಸಿದರು. ಆಗ ಬಿಡಿಬಿಡಿಯಾಗಿದ್ದ ಕಂಬದ ಗುಂಡಿಗಳು ಕೂಡಿ ವೃತ್ತವಾದವು: ಸುಮಾರು 15 ಮೀಟರ್ ಅಡ್ಡಳತೆಯ ಮರದ ದುಂಡುಮನೆ! ಇಂಥದ್ದನ್ನು ಎತ್ತಬಲ್ಲವರು ಪಕ್ಕದ ಕುಣಿಯಲ್ಲಿ ಮುದುಡಿ ಮಲಗುತ್ತಿದ್ದರೆಂದರೆ ಯಾರು ನಂಬಿಯಾರು? ಕುಣಿಗಳು ಕಾಳು ತುಂಬಿಡಲು ತೋಡಿದವು. ಬಳಕೆ ತಪ್ಪಿದ ಮೇಲೆ ಕಸಕ್ಕೆ ಬಿಟ್ಟವು. ಉತ್ತರ ಕರ್ನಾಟಕದ ರೈತರಿಗೆ ತೋರಿಸಿದ್ದರೆ ‘ಹಗೇವು’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು.

ಹೋಲಿಕೆಯೇ ಪುರಾವೆಯಲ್ಲ, ಒಪ್ಪಬೇಕಾದ್ದೇ. ಬಯಲುಸೀಮೆಯ ಜೋಳಕ್ಕೆ ಒಗ್ಗಿದ ಉಪಾಯ ಸದಾ ಮಳೆ ಜಿನುಗುವ ನಾಡಿನ ಗೋಧಿಗೆ ಹೇಗೆ ಒಗ್ಗೀತು? ಇದಕ್ಕೆ ಉತ್ತರ ಕೊಟ್ಟದ್ದು ವಾದವಲ್ಲ, ಪ್ರಯೋಗ. ಹ್ಯಾಂಪ್‌ಶೈರ್‌ನ ಬಟ್ಸರ್‌ನಲ್ಲಿ 1970ರ ದಶಕದಲ್ಲಿ ಪೀಟರ್ ರೆನಾಲ್ಡ್ಸ್ ಹಳೆಯ ಮಾದರಿಯಲ್ಲೇ ಕುಣಿ ತೋಡಿ, ಕಾಳು ತುಂಬಿ, ಬಾಯಿಗೆ ಜೇಡಿಮಣ್ಣು ಮೆತ್ತಿ ಚಳಿಗಾಲ ಕಳೆಯಬಿಟ್ಟರು. ಗೋಡೆಗೆ ತಾಗಿದ ಕಾಳು ತೇವಕ್ಕೆ ಮೊಳೆತು, ಒಳಗಿನ ಆಮ್ಲಜನಕವನ್ನು ಕುಡಿದು ಇಂಗಾಲದ ಡೈಆಕ್ಸೈಡ್ ಬಿಟ್ಟಿತು. ಅಂಚಿನದು ಕೆಟ್ಟಿತು, ನಡುವಿನ ರಾಶಿ ಉಳಿಯಿತು. ಬಿತ್ತನೆಗೂ ಆಗುವಷ್ಟು ಚೆನ್ನಾಗಿ. ಹಗೇವಿನ ಬಾಯಿ ತೆಗೆದ ನಮ್ಮವರು ತಕ್ಷಣ ಇಳಿಯದೆ, ಮೊದಲು ದೀಪ ಇಳಿಬಿಟ್ಟು ಅದು ಆರುವುದೇ ಎಂದು ನೋಡುತ್ತಿದ್ದದ್ದು ಇದೇ ಗಾಳಿಗೆ ಹೆದರಿ.

ಹಾಗೆಂದು ಬೆರ್ಸು ಹೇಳಿದ್ದೆಲ್ಲ ನಿಲ್ಲುವುದಿಲ್ಲ. ಕುಣಿಗೆ ಕೆಲವೇ ವರ್ಷಗಳಲ್ಲಿ ಬೂಷ್ಟು ಹಿಡಿಯುತ್ತದೆ, ಅದಕ್ಕೇ ಹೊಸದಾಗಿ ತೋಡುತ್ತ ಹೋದರು ಎಂದು ಅವರು ಎಣಿಸಿದ್ದರು. ಬಟ್ಸರ್‌ನಲ್ಲಿ ಒಂದೇ ಕುಣಿ ವರ್ಷ ವರ್ಷವೂ ಕೆಲಸಕ್ಕೆ ಬಂತು. ಕುಣಿಗಳ ಸಂಖ್ಯೆಯಿಂದ ಆ ಮನೆತನದ ಫಸಲನ್ನು ಲೆಕ್ಕ ಹಾಕುವ ಅವರ ದಾರಿ ಅಲ್ಲಿಗೆ ಮುಚ್ಚಿತು. ಆದರೆ ಕೆಟ್ಟದ್ದು ಲೆಕ್ಕ ಮಾತ್ರ; ಕುಣಿ ಉಗ್ರಾಣವೆಂಬ ಮಾತು ಮೊದಲಿಗಿಂತ ಗಟ್ಟಿಯಾಯಿತು. ಆವರಣವನ್ನು ಪೂರ್ತಿ ಅಗೆಯುವುದಕ್ಕೆ ಮುನ್ನ ಯುದ್ಧ ಬಂತು. ಶತ್ರುದೇಶದವರೆಂದು ಬೆರ್ಸು ಅವರನ್ನು ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಬಂಧನದಲ್ಲಿಟ್ಟರು. ಪುಣ್ಯಾತ್ಮ ಅಲ್ಲೂ ಅಗೆಯುವುದನ್ನು ಬಿಡಲಿಲ್ಲ. ಲಿಟಲ್ ವುಡ್‌ಬರಿಯಲ್ಲಿ ಅವರು ಕೈಹಾಕದ ಭಾಗ ಮಣ್ಣಡಿಯಲ್ಲೇ ಉಳಿಯಿತು.