ಮೊದಲೇ ಕ್ರೆಡಿಟ್ ಕೂಡಿಟ್ಟರೆ ಎಂಬಿಬಿಎಸ್ ಸುಲಭವೇ?

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮಣ್ಣನ ಮಗಳು ಹೈಸ್ಕೂಲಿನಲ್ಲೇ ಕಾಲೇಜಿನ ಕ್ರೆಡಿಟ್ ಗಳಿಸುತ್ತಿದ್ದಾಳೆ. ಪಿಯುಸಿ ಓದುತ್ತಿರುವ, ಎಂಬಿಬಿಎಸ್ ಸೇರಬೇಕೆಂದಿರುವ ನನ್ನ ಮಗಳಿಗೂ ಅಂಥ ದಾರಿ ಇದೆಯೇ?
– ಓದುಗರೊಬ್ಬರು, ಹಲಗೇರಿ

ಉತ್ತರ: ಇಲ್ಲ. ಅಲ್ಲಿ ಸಾಮಾನ್ಯವಾಗಿ ಪದವಿ ಮುಗಿಸಿಯೇ ವೈದ್ಯಕೀಯ ಓದು. ಮೊದಲೇ ಗಳಿಸಿದ ಕ್ರೆಡಿಟ್ ಆ ಪದವಿಯ ಹೊರೆ ತಗ್ಗಿಸಬಹುದು. ನಮ್ಮಲ್ಲಿ ಪಿಯುಸಿ ಮುಗಿದ ಕೂಡಲೇ ಎಂಬಿಬಿಎಸ್: ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಸೀಟು ಕೊಡಿಸುವುದು 720 ಅಂಕಗಳ ನೀಟ್ ಪರೀಕ್ಷೆಯ ರ‍್ಯಾಂಕ್. ಪಿಯುಸಿಯ ಭೌತ, ರಸಾಯನ, ಜೀವಶಾಸ್ತ್ರದಲ್ಲಿ ಒಟ್ಟು ಶೇ 50 (ಮೀಸಲು ವರ್ಗಕ್ಕೆ ಶೇ 40) ಬಂದರೆ ಅರ್ಹತೆ ಸಿಕ್ಕಿತು. ಅದಕ್ಕಿಂತ ಹೆಚ್ಚು ಬಂದದ್ದು ರ‍್ಯಾಂಕಿಗೆ ಸೇರದು.

ಆದರೆ ನಿಮ್ಮ ಮಗಳು ಗೊತ್ತಿಲ್ಲದೇ ಕೂಡಿಟ್ಟಿರಬಹುದಾದ ಗಂಟೊಂದಿದೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇ 5. ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಸೀಟು ಹಂಚುವಾಗ ಇವು ಲೆಕ್ಕಕ್ಕೆ ಬರುತ್ತವೆ. ನೀಟ್ ಅನ್ನು ಕನ್ನಡದಲ್ಲೂ ಬರೆಯಬಹುದು. ಸರ್ಕಾರಿ ಮೆಡಿಕಲ್ ಕಾಲೇಜು ನಿಮಗೆ ಹತ್ತಿರದ ಹಾವೇರಿಯಲ್ಲೇ ಇದೆ.

ಕೆಇಎ ಮಾಹಿತಿ ಪುಸ್ತಿಕೆಯ ಷರತ್ತು ಓದಿ, ಶಾಲೆಯ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿಯನ್ನು ಈಗಲೇ ಮಾಡಿಸಿಡಿ.