ತಾನಾಗಿಯೇ ಹಾಲು ಕರೆಯುವ ಯಂತ್ರ: ಲಾಭವೋ ನಷ್ಟವೋ?

ಹಸುವಿನ ಕೆಚ್ಚಲಿಗೆ ರಜೆಯಿಲ್ಲ. ಹಬ್ಬವಿರಲಿ, ಜ್ವರವಿರಲಿ, ಹೈನುಗಾರನು ದಿನಕ್ಕೆರಡು ಬಾರಿ ಕೊಟ್ಟಿಗೆಗೆ ಹೋಗಲೇಬೇಕು. ಹಾಲನ್ನು ಹೀರುವ ಯಂತ್ರಗಳು ಬಹುಕಾಲದಿಂದ ಇದ್ದರೂ ಅವುಗಳ ಬಟ್ಟಲನ್ನು ಮೊಲೆತೊಟ್ಟಿಗೆ ತೊಡಿಸಲು ಮನುಷ್ಯನ ಕೈಯೇ ಬೇಕಾಗಿತ್ತು. 1992ರಲ್ಲಿ ನೆದರ್ಲೆಂಡ್ಸ್ ದೇಶದ ಕೊಟ್ಟಿಗೆಗಳಿಗೆ ಬಂದ ಯಂತ್ರವು ಈ ಕೆಲಸವನ್ನೂ ವಹಿಸಿಕೊಂಡಿತು. ಹಸುವು ಹಿಂಡಿಯ ಆಸೆಯಿಂದ ತಾನೇ ಬಂದು ನಿಲ್ಲುತ್ತದೆ. ಯಂತ್ರವು ಕೆಚ್ಚಲನ್ನು ಶುಚಿಮಾಡಿ, ಬೆಳಕಿನ ಕಿರಣದ ನೆರವಿನಿಂದ ತೊಟ್ಟುಗಳನ್ನು ಗುರುತಿಸಿ, ತನ್ನ ತೋಳಿನಿಂದ ಬಟ್ಟಲುಗಳನ್ನು ತೊಡಿಸುತ್ತದೆ.

ಆದರೆ ಇದಕ್ಕೆ ಹೂಡಿದ ಹಣ ಮರಳಿ ಬರುವುದೆ? ಲೆಕ್ಕ ಹಾಕಿ ನೋಡೋಣ. ಒಂದು ಯಂತ್ರವು ಸುಮಾರು 60 ಹಸುಗಳನ್ನು ಕರೆಯಬಲ್ಲುದು. ಅದರ ಬೆಲೆ 1,50,000 ಯೂರೋ, ಬಾಳಿಕೆ 10 ವರ್ಷವೆಂದು ಇಟ್ಟುಕೊಂಡರೆ, ವರ್ಷಕ್ಕೆ 15,000 ಯೂರೋ ಸವೆಯುತ್ತದೆ. 60 ಹಸುಗಳಿದ್ದರೆ ಹಸುವೊಂದಕ್ಕೆ 250. 30 ಇದ್ದರೆ 500. ಹಸುಗಳು 75 ಆದವೋ, ಎರಡನೆಯ ಯಂತ್ರವೇ ಬೇಕು. ವೆಚ್ಚ ಮತ್ತೆ 400ಕ್ಕೆ ಏರುತ್ತದೆ! ಅರ್ಧ ಯಂತ್ರವನ್ನು ಯಾರೂ ಮಾರುವುದಿಲ್ಲವಷ್ಟೆ. ಬಡ್ಡಿ, ದುರಸ್ತಿಗಳ ಖರ್ಚು ಬೇರೆ.

ದಿನಕ್ಕೆ ಎರಡಕ್ಕಿಂತ ಹೆಚ್ಚು ಸಲ ಕರೆದರೆ ಹಾಲು ಹೆಚ್ಚುವುದುಂಟು. ಆದರೆ 1984ರಿಂದ 2015ರವರೆಗೆ ಯುರೋಪಿನ ರಾಷ್ಟ್ರಗಳ ಒಕ್ಕೂಟದಲ್ಲಿ ಹಾಲಿನ ಉತ್ಪಾದನೆಗೆ ಮಿತಿಯಿದ್ದಿತು. ಅದನ್ನು ಮೀರಿದರೆ ದಂಡ. ಆದುದರಿಂದ ಆಗ ಮುಖ್ಯ ಲಾಭವೆಂದರೆ ಉಳಿದ ದುಡಿಮೆಯ ಗಂಟೆಗಳೇ. ಇವುಗಳಿಗೆ ಬೆಲೆ ಕಟ್ಟುವುದೇ ಲೆಕ್ಕದ ಕಠಿನ ಭಾಗವೆಂದು ನಮ್ಮ ಅಭಿಪ್ರಾಯ. ಕೂಲಿಯಾಳನ್ನು ಇಟ್ಟಿದ್ದವನಿಗೆ ಹಣವೇ ಉಳಿಯುತ್ತದೆ. ಮನೆಯವರೇ ದುಡಿಯುವಲ್ಲಿ ಉಳಿಯುವುದು ಬೆಳಗಿನ ನಿದ್ದೆ. ಬ್ಯಾಂಕು ಅದನ್ನು ಸಾಲದ ಕಂತಾಗಿ ಸ್ವೀಕರಿಸುವುದಿಲ್ಲ. ಆದರೂ ಅನೇಕರು ಅದಕ್ಕಾಗಿಯೇ ಯಂತ್ರವನ್ನು ಕೊಳ್ಳುತ್ತಾರೆ.