ಕಸಿಯಾದ ಕಾರ್ನಿಯಾದ ಉಬ್ಬು ತಿದ್ದುವ ಶಸ್ತ್ರಕೌಶಲ

ಕಸಿ ಮಾಡಿದ ಕಾರ್ನಿಯಾ ಗಾಜಿನಷ್ಟು ತಿಳಿಯಾಗಿದ್ದರೂ ನೋಟ ಮಸುಕಾಗಿಯೇ ಉಳಿಯಬಹುದು. ದಾನಿಯಿಂದ ಬಂದ ಸುಮಾರು 8 ಮಿಲಿಮೀಟರ್ ಅಗಲದ ಬಿಲ್ಲೆಯನ್ನು ಕೂದಲಿಗಿಂತ ತೆಳುವಾದ ನೈಲಾನ್ ದಾರದಿಂದ, ಹಲವೊಮ್ಮೆ 16 ಹೊಲಿಗೆ ಹಾಕಿ, ಕೂರಿಸುತ್ತಾರೆ. ಹೊಲಿಗೆಗಳ ಬಿಗಿ ಹೆಚ್ಚುಕಡಿಮೆಯಾದರೆ, ಬಿಲ್ಲೆಯ ಅಂಚು ಓರೆಯಾದರೆ, ಗಾಯ ಸುತ್ತಲೂ ಸಮನಾಗಿ ಮಾಯದಿದ್ದರೆ ಉಬ್ಬು ಒಂದು ದಿಕ್ಕಿನಲ್ಲಿ ಕಡಿದಾಗಿ, ಅದರ ಅಡ್ಡಕ್ಕೆ ಚಪ್ಪಟೆಯಾಗುತ್ತದೆ. ಇದೇ ಅಸ್ಟಿಗ್ಮ್ಯಾಟಿಸಂ. ಪೂರ್ಣ ದಪ್ಪದ ಕಸಿಯಲ್ಲಿ 4–5 ಡಯಾಪ್ಟರ್ (ಲೆನ್ಸಿನ ಶಕ್ತಿ ಅಳೆಯುವ ಮಾನ) ಸಾಮಾನ್ಯ. 10 ದಾಟುವುದೂ ಉಂಟು.

ಪುಣೆಯ ಹಡಪಸರ್ ಬಳಿ, ಮಹಮ್ಮದ್‌ವಾಡಿಯಲ್ಲಿ ಪುಣೆ ಅಂಧಜನ ಮಂಡಳದ ಎಚ್. ವಿ. ದೇಸಾಯಿ ಕಣ್ಣಿನ ಆಸ್ಪತ್ರೆಯಿದೆ. ನೇತ್ರಬ್ಯಾಂಕೂ ಇರುವ ಇಂಥ ಆಸ್ಪತ್ರೆಗಳಲ್ಲಿ ಕಸಿಯ ದಿನ ಚಿಕಿತ್ಸೆಯ ಆರಂಭ ಮಾತ್ರ. ಮೊದಲ ಮೂರು ತಿಂಗಳಾದ ಮೇಲೆ ಟೊಪೊಗ್ರಫಿ ಯಂತ್ರದಲ್ಲಿ ಉಬ್ಬಿನ ನಕ್ಷೆ ತೆಗೆದು, ಕಡಿದಾದ ದಿಕ್ಕಿನ ಬಿಗಿ ಹೊಲಿಗೆಗಳನ್ನು ಒಂದೆರಡರಂತೆ ಬಿಚ್ಚುತ್ತಾರೆ. ಎಲ್ಲವೂ ಹೊರಬರಲು ವರ್ಷ, ಒಂದೂವರೆ ವರ್ಷ ಹಿಡಿಯುತ್ತದೆ. ಸಡಿಲಗೊಂಡ ದಾರ ಸೋಂಕಿಗೆ ದಾರಿಯಾಗಬಲ್ಲದು, ಕಸಿಯನ್ನೇ ಕೆಡಿಸಬಲ್ಲದು. ಕಬ್ಬಿನ ಗರಿ ಬಡಿದು ಕಣ್ಣಲ್ಲಿ ಹುಣ್ಣಾಗಿ ಕಸಿ ಮಾಡಿಸಿಕೊಂಡ ಕೃಷಿ ಕಾರ್ಮಿಕನಿಗೆ ಕೂಲಿ ಬಿಟ್ಟು ಮತ್ತೆ ಮತ್ತೆ ಊರಿಂದ ಬರುವುದು ಸುಲಭವಲ್ಲ. ಬಸ್ಸಿನ ಖರ್ಚನ್ನೂ ಚಿಕಿತ್ಸೆಯ ಭಾಗವೆಂದೇ ಎಣಿಸಬೇಕು.

ಹೊಲಿಗೆ ತೆಗೆದ ಮೇಲೂ ಉಳಿದ ದೋಷಕ್ಕೆ ಮೊದಲು ಕನ್ನಡಕ, ಅದು ಸಾಲದಿದ್ದರೆ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್. ಧೂಳಿನ ಕೆಲಸದವರಿಗೆ ಲೆನ್ಸ್ ಒಗ್ಗುವುದು ಕಷ್ಟ. ಆಗ ಶಸ್ತ್ರಕ್ರಿಯೆ.

ಅಳತೆಗಳು ಕೆಲವು ತಿಂಗಳು ಸ್ಥಿರವಾಗಿ ನಿಂತ ಮೇಲೆ, ಕಡಿದಾದ ದಿಕ್ಕಿನ ಎರಡೂ ತುದಿಗಳಲ್ಲಿ, ಕಸಿಯ ಅಂಚಿನ ಒಳಬದಿಗೆ, ಕಮಾನಿನಂಥ ಗೀರು ಹಾಕುತ್ತಾರೆ. ಆಳ ಕಾರ್ನಿಯಾದ ದಪ್ಪದ ಮುಕ್ಕಾಲರ ಆಸುಪಾಸು; ಕಡಿಮೆಯಾದರೆ ಪರಿಣಾಮ ಅಲ್ಪ, ಹೆಚ್ಚಾದರೆ ತೂತು. ಗೀರು ಬಾಯಿ ತೆರೆದಂತೆ ಆ ದಿಕ್ಕು ಸಡಿಲಗೊಂಡು ಇಳಿಯುತ್ತದೆ, ಅಡ್ಡ ದಿಕ್ಕು ತುಸು ಏರುತ್ತದೆ. ಅಷ್ಟು ಸಾಲದಾದರೆ ಚಪ್ಪಟೆ ದಿಕ್ಕಿನಲ್ಲಿ ಬಿಗಿ ಹೊಲಿಗೆ ಹಾಕಿ, ಬೇಕೆಂದೇ ಅತಿಯಾಗಿ ತಿದ್ದಿ, ವಾರಗಳ ನಂತರ ನಕ್ಷೆ ನೋಡಿ ಬಿಚ್ಚುತ್ತಾರೆ. ಗೀರನ್ನು ಫೆಮ್ಟೊಸೆಕೆಂಡ್ ಲೇಸರ್ ಹೆಚ್ಚು ಕರಾರುವಾಕ್ಕಾಗಿ ಕತ್ತರಿಸುತ್ತದೆ; ಗಾಯ ಮಾಯುವ ಬಗೆ ಮಾತ್ರ ಅದರ ಹಿಡಿತದಲ್ಲಿಲ್ಲ. ದೋಷ ತೀರಾ ದೊಡ್ಡದಾಗಿದ್ದರೆ ಚಪ್ಪಟೆ ದಿಕ್ಕಿನ ಅಂಚಿನಿಂದ ಸಣ್ಣ ಬೆಣೆಯಷ್ಟು ಅಂಗಾಂಶ ತೆಗೆದು ಹೊಲಿಯುವುದುಂಟು. ಪೊರೆಯೂ ಬಂದಿದ್ದು ದೋಷ ಕ್ರಮಬದ್ಧವಾಗಿದ್ದರೆ ಪೊರೆ ತೆಗೆದ ಜಾಗದಲ್ಲಿ ಅದನ್ನು ತಿದ್ದುವ ಟೋರಿಕ್ ಲೆನ್ಸ್ ಇಡಬಹುದು.

ಒಳಪದರವನ್ನಷ್ಟೇ ಬದಲಿಸುವ ಕಸಿಯಲ್ಲಿ ಈ ತೊಂದರೆ ಬಹಳ ಕಡಿಮೆ. ಗಾಳಿಗುಳ್ಳೆಯೇ ಪದರವನ್ನು ಒತ್ತಿ ಹಿಡಿಯುವುದರಿಂದ ಸುತ್ತಲೂ ಹೊಲಿಗೆ ಬೇಕಿಲ್ಲ. 2021ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರ ಮರಣಾನಂತರ ದಾನವಾದ ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಕಸಿ ಮಾಡಿದಾಗ ಇಬ್ಬರಿಗೆ ದೊರೆತದ್ದು ಇಂಥ ಒಳಪದರ.